ದುರ್ಗ ಬಿದ್ದ ಮೇಲೆ ಮನೆತನ ಎಲ್ಲಿ ಉಳಿಯಿತು?

1779ನೇ ಇಸವಿ ಬಹಳ ದಿನಗಳಿಂದ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಆ ವರ್ಷ ಪರ್ಷಿಯಾದ ಶಿರಾಜ್ ನಗರದಲ್ಲಿ ಕರೀಂ ಖಾನ್ ಝಂದ್ ತೀರಿಕೊಂಡ. ಅವನ ಬಳಿ ಒತ್ತೆಯಾಳಾಗಿದ್ದ ಆಘಾ ಮೊಹಮ್ಮದ್ ಖಾನ್ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಕುದುರೆಯೇರಿ ಉತ್ತರಕ್ಕೆ ಹೊರಟುಹೋದ. ಮುಂದೆ ಖಾಜಾರ್ ಅರಸೊತ್ತಿಗೆಯನ್ನು ಕಟ್ಟಿದವನು ಅವನೇ. ಅದೇ ವರ್ಷ ಇಲ್ಲಿ ಹೈದರಾಲಿ ಚಿತ್ರದುರ್ಗವನ್ನು ಹಿಡಿದು ಕೊನೆಯ ಮದಕರಿ ನಾಯಕನನ್ನು ಶ್ರೀರಂಗಪಟ್ಟಣದ ಸೆರೆಗೆ ಒಯ್ದ. ಒಂದಕ್ಕೊಂದು ಸಂಬಂಧವಿಲ್ಲ, ನಿಜ. ಆದರೂ ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಕುರುಚಲು ಬಯಲಲ್ಲಿ ಓಡಾಡುವಾಗ ಈ ಎರಡೂ ಮನೆತನಗಳು ನನಗೆ ಒಟ್ಟೊಟ್ಟಿಗೇ ನೆನಪಾಗುತ್ತವೆ.

ಖಾಜಾರರೂ ಬಿದ್ದರು. 1925ರಲ್ಲಿ ಪಾರ್ಲಿಮೆಂಟು ಅವರ ಪಟ್ಟವನ್ನು ಕಿತ್ತಿತು; ಯುರೋಪಿನಲ್ಲಿದ್ದ ಅಹ್ಮದ್ ಶಾಹ ಊರಿಗೆ ಮರಳಲೇ ಇಲ್ಲ, 1930ರಲ್ಲಿ ಪ್ಯಾರಿಸ್ ಬಳಿ ಕಣ್ಣುಮುಚ್ಚಿದ. ಆದರೆ ಆ ಮನೆತನದವರು ಬರೆಯಬಲ್ಲವರು. ರಾಜಕುಮಾರಿ ತಾಜ್ ಅಲ್ ಸಲ್ತನೆ ಅಂತಃಪುರದ ಬದುಕನ್ನು ತಾನೇ ಬರೆದಿಟ್ಟಳು. ಫರ್ಮಾನ್‌ಫರ್ಮಾ ಎಂಬ ಬಿರುದಿದ್ದ ರಾಜಕುಮಾರನ ಮಕ್ಕಳು ಆ ಬಿರುದನ್ನೇ ಮನೆಹೆಸರು ಮಾಡಿಕೊಂಡರು. ಎಣ್ಣೆ ಕಂಪನಿಯನ್ನು ರಾಷ್ಟ್ರೀಕರಣ ಮಾಡಿದ ಪ್ರಧಾನಿ ಮೊಸಾದ್ದೆಗ್ ಅವರ ತಾಯಿಯೂ ಖಾಜಾರರ ಹೆಣ್ಣುಮಗಳು. ಹೀಗೆ ರಾಜ್ಯ ಹೋದರೂ ವಂಶಾವಳಿ ಕಾಗದದ ಮೇಲೆ ಗಟ್ಟಿಯಾಗಿ ನಿಂತಿತು.

ಚಿತ್ರದುರ್ಗ ಆಳಿದ ನಮ್ಮ ಬೇಡ ನಾಯಕರ ಕಾಮಗೇತಿ ವಂಶದ ಪಾಡು ಬೇರೆ. ಮತ್ತಿ ತಿಮ್ಮಣ್ಣ ನಾಯಕನಿಂದ ಶುರುವಾಗಿ ಎರಡು ಶತಮಾನ ಬಾಳಿದ ಮನೆ ಅದು. ಹಿರಿ ಮದಕರಿ 1748ರಲ್ಲಿ ಮಾಯಕೊಂಡದ ಯುದ್ಧದಲ್ಲಿ ಮಡಿದ. ಅವನ ಮಗ ಕಸ್ತೂರಿ ರಂಗಪ್ಪನಿಗೆ ಮಕ್ಕಳಾಗಲಿಲ್ಲ. ಜಾನಕಲ್ಲಿನಿಂದ ತಂದ ಹುಡುಗ ಕೊನೆಯ ದೊರೆಯಾದ. ದುರ್ಗ ಬಿದ್ದ ಮೇಲೆ ಸುಮಾರು 20,000 ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿ, ಅವರ ಹುಡುಗರನ್ನು ಸೆರೆಯಾಳು ಹುಡುಗರಿಂದಲೇ ಕಟ್ಟಿದ ಚೇಲಾ ಪಡೆಗೆ ಸೇರಿಸಿದರು ಎಂದು ಮೈಸೂರಿನ ಇತಿಹಾಸ ಬರೆದ ವಿಲ್ಕ್ಸ್ ಹೇಳುತ್ತಾನೆ. ಆ ಕಾಲದ ಕಥೆಯನ್ನು ಗೆದ್ದವರ ಕಡೆಯಿಂದ ಹೇಳಿದ ಕಿರ್ಮಾನಿ ಬರೆದದ್ದು ಪರ್ಷಿಯನ್ ಭಾಷೆಯಲ್ಲಿ. ದುರ್ಗದ ಅಂತಃಪುರದ ನಾಗತಿಯರ, ಅಂದರೆ ರಾಣಿಯರ, ಮಾತನ್ನು ಬರೆದುಕೊಳ್ಳಲು ಯಾರಿದ್ದರು? ಈ ಕೊರತೆ ನನ್ನನ್ನು ಇವತ್ತಿಗೂ ಕಾಡುತ್ತದೆ.

ಹಾಗೆಂದು ನಮ್ಮವರು ಸುಮ್ಮನೆ ಕೂರಲಿಲ್ಲ. ಎಂ.ಎಸ್. ಪುಟ್ಟಣ್ಣನವರು ಪಾಳೆಯಗಾರರ ಚರಿತ್ರೆ ಬರೆದರು. ಹುಲ್ಲೂರು ಶ್ರೀನಿವಾಸ ಜೋಯಿಸರು ಓಲೆ, ಶಾಸನಗಳನ್ನು ಹುಡುಕುತ್ತ ಊರೂರು ಅಲೆದರು. ಇನ್ನು ಕಾದಂಬರಿಕಾರ ತ.ರಾ.ಸು. ಅವರ ಮನೆತನವೇ ಚಳ್ಳಕೆರೆ ತಾಲ್ಲೂಕಿನ ತಳುಕಿನದು. ಅವರ ‘ದುರ್ಗಾಸ್ತಮಾನ’ ಬಾರದೇ ಇದ್ದಿದ್ದರೆ ಕನ್ನಡದ ಎಷ್ಟು ಮನೆಗಳಲ್ಲಿ ಮದಕರಿಗಾಗಿ ಕಣ್ಣೀರು ಹಾಕುತ್ತಿದ್ದರು? ಆ ಕಾದಂಬರಿಗೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಅವರೇ ಇರಲಿಲ್ಲ.

ಆದರೆ ನನಗೆ ಪುಸ್ತಕಕ್ಕಿಂತ ದೊಡ್ಡದಾಗಿ ಕಾಣುವುದು ಹಟ್ಟಿಗಳ ನೆನಪು. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಮ್ಯಾಸಬೇಡರು ದನಗಾಹಿ ನಾಯಕರು. ಕೋಳಿ, ಹೆಂಡ ಮುಟ್ಟಬಾರದೆಂಬ ಕಟ್ಟಳೆ ಅವರದು. ದುರ್ಗದ ಗದ್ದುಗೆ ಹೋದರೂ ನನ್ನಿವಾಳದಂಥ ಊರುಗಳಲ್ಲಿ ಪಂಗಡದ ಹಿರಿಯರು ಕೂಡುವ ಅವರ ಕಟ್ಟೆಮನೆ ಉಳಿದಿದೆ. ನೆಂಟಸ್ತಿಕೆಯ ಮಾತು ಬಂದರೆ ಮೊದಲು ಕೇಳುವುದು ‘ನಿಮ್ದು ಯಾವ ಬೆಡಗು (ಕುಲ)?’ ಎಂದೇ. ಒಂದೇ ಬೆಡಗಾದರೆ ಅಣ್ಣ-ತಂಗಿ, ಹೆಣ್ಣು ಕೊಡುವಂತಿಲ್ಲ. ಯಾರ ಮೂಲ ಯಾವುದು, ಯಾರ ದೇವರು ಎಲ್ಲಿಂದ ಬಂತು ಎಂಬುದನ್ನು ಹಿರಿಯರು ನಾಲಿಗೆಯ ಮೇಲೇ ಇಟ್ಟುಕೊಂಡಿದ್ದಾರೆ. ದೇವರ ಎತ್ತುಗಳಿಗೆ ನೊಗ ಹೂಡುವುದಿಲ್ಲ. ಕಿಲಾರಿಗಳು ಮಳೆ ಬಿಸಿಲೆನ್ನದೆ ಅವನ್ನು ಮೇಯಿಸುತ್ತಾರೆ. ಕಾಡುಗೊಲ್ಲರದೂ ಇಂಥದೇ ಪರಂಪರೆ. ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿಯದೆಯೇ ಸಾವಿರಾರು ಪದ ಹಾಡಿದವರು. ಜಾನಪದ ವಿದ್ವಾಂಸ ಕೃಷ್ಣಮೂರ್ತಿ ಹನೂರರು ಅವರ ಮುಂದೆ ಕೂತು ಕೇಳಿಸಿಕೊಂಡದ್ದರಿಂದ ಅಷ್ಟಾದರೂ ನಮಗೆ ದಕ್ಕಿತು.

ಈ ನೆನಪು ನಿಂತಿರುವುದು ಬಯಲಿನ ಮೇಲೆ. ಕುದಾಪುರ, ಉಳ್ಳಾರ್ತಿಯ ಅಮೃತಮಹಲ್ ಕಾವಲುಗಳಲ್ಲಿ ಸಾವಿರಾರು ಎಕರೆ ವಿಜ್ಞಾನ, ರಕ್ಷಣಾ ಸಂಸ್ಥೆಗಳ ಬೇಲಿಯೊಳಗೆ ಸೇರಿದೆ. ವಿಜ್ಞಾನ ಬೇಡ ಎನ್ನುವವನು ನಾನಲ್ಲ. ಆದರೆ ಮೇಯುವ ಜಾಗ ಹೋದರೆ ಎತ್ತು ಹೋಗುತ್ತದೆ, ಎತ್ತು ಹೋದರೆ ಕಿಲಾರಿ ಹೋಗುತ್ತಾನೆ, ಅವನೊಂದಿಗೆ ಅವನು ಹೇಳುವ ಕಥೆಯೂ ಹೋಗುತ್ತದೆ.

ಚಳ್ಳಕೆರೆ, ಮೊಳಕಾಲ್ಮೂರಿನ ಕಾಲೇಜು ಹುಡುಗ ಹುಡುಗಿಯರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಕೈಯಲ್ಲಿ ಮೊಬೈಲು ಇದೆ. ಈ ಸಲ ಹಬ್ಬಕ್ಕೆ ಹಟ್ಟಿಗೆ ಹೋದಾಗ ಅಜ್ಜನ ಹತ್ತಿರ ಬೆಡಗಿನ ಕಥೆ ಕೇಳಿ, ಅಜ್ಜಿಯ ಹತ್ತಿರ ಪದ ಹೇಳಿಸಿ, ದನಿ ಹಿಡಿದಿಟ್ಟುಕೊಳ್ಳಿ. ಹೇಳಿದವರ ಹೆಸರು, ಊರು, ತಾರೀಖು ಬರೆದಿಡುವುದನ್ನು ಮಾತ್ರ ಮರೆಯಬೇಡಿ.