ಹನ್ನೊಂದು ಮಣಿಗಳ ಸರ

ಪಿತ್ರಾರ್ಜಿತವೆಂದೊಡನೆ ಮನೆ, ಹೊಲ, ಗೋತ್ರಗಳು ನೆನಪಿಗೆ ಬರುವುವು. ಎದೆಯೊಳಗಿನ ಸ್ನಾಯುವಿನ ಕಟ್ಟಡವೂ ಪಿತ್ರಾರ್ಜಿತವೆಂದು ನೆನೆಯುವವರು ವಿರಳ. ಜಯನಗರದ ಒಂಬತ್ತನೆಯ ಬ್ಲಾಕಿನ ಜಯದೇವ ಹೃದ್ರೋಗ ಸಂಸ್ಥೆಯು ನಮ್ಮ ಮನೆಗೆ ನಡಿಗೆಯ ದೂರ. ಆದುದರಿಂದ ನೆರೆಹೊರೆಯಲ್ಲಿ ಎದೆಬೇನೆಯ ಮಾತು ನಿತ್ಯದ್ದು. ಆದರೆ ವಂಶದ ಮಾತು ಬಂದೊಡನೆ ಎಲ್ಲರೂ ಮೌನ.

ಹೃದಯಸ್ನಾಯುವಿನಲ್ಲಿ ಮಯೋಸಿನ್ ಎಂಬ ದಪ್ಪ ಎಳೆಯುಂಟು. ಅದನ್ನು ಹಿಡಿದಿರುವ ಒಂದು ಪ್ರೋಟೀನಿಗೆ ಮಯೋಸಿನ್ ಬಂಧಕ ಪ್ರೋಟೀನ್-ಸಿ ಎಂದು ಹೆಸರು. ಘನಪಾಠಿಗಳು ಅದೇ ಪದಗಳನ್ನು ತಿರುತಿರುಗಿ ಹೇಳುವಂತೆ, ಇದರಲ್ಲಿ ಎರಡೇ ಮಾದರಿಯ ಮಣಿಗಳು ಮತ್ತೆ ಮತ್ತೆ ಬಂದು 11 ಆಗುವುವು: ಒಂದು ಬಗೆಯವು 8, ಇನ್ನೊಂದು ಬಗೆಯವು 3. ಕುದುರೆಗೆ ಕಡಿವಾಣವಿದ್ದಂತೆ ಇದು ಮಯೋಸಿನ್ನಿನ ಸೆಳೆತವನ್ನು ಹದದಲ್ಲಿಡುತ್ತದೆ. ಕೊನೆಯ ಮಣಿಯ ಕೆಲಸ, ಸರವನ್ನು ದಪ್ಪ ಎಳೆಗೆ ಬಿಗಿದಿಡುವುದು.

ಓಲೆಗರಿಯ ಲಿಪಿಕಾರನು ಕೆಲವು ಅಕ್ಷರಗಳನ್ನು ಬಿಟ್ಟರೆ ಶ್ಲೋಕದ ಕೊನೆಯ ಪಾದವೇ ಕೆಡುವುದನ್ನು ನಾವು ಬಹಳ ಕಂಡಿದ್ದೇವೆ. ಹಾಗೆಯೇ ಈ ಪ್ರೋಟೀನಿನ ವಂಶಲಿಪಿಯಲ್ಲಿ 25 ಅಕ್ಷರಗಳು ಲೋಪವಾದರೆ ಆ ಕೊನೆಯ ಮಣಿಯು ವಿರೂಪವಾಗುತ್ತದೆ. ಮುಂದೆ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಗೆ ಬಂದ ದಂಡಪಾಣಿಯವರೂ ಅವರ ಸಂಗಡಿಗರೂ 2009ರಲ್ಲಿ ಪ್ರಕಟಿಸಿದಂತೆ, ಭಾರತ ಉಪಖಂಡದ ನೂರು ಜನರಲ್ಲಿ ಸುಮಾರು ನಾಲ್ವರಲ್ಲಿ ಈ ಲೋಪವುಂಟು. ಅವರಿಗೆ ನಡುವಯಸ್ಸಿನ ಬಳಿಕ ಹೃದಯದೌರ್ಬಲ್ಯದ ಸಂಭವ ಹೆಚ್ಚು. ಆದರೂ ಲೋಪವಿದ್ದವರಲ್ಲಿ ಅನೇಕರು ಆರೋಗ್ಯದಿಂದಲೇ ಬಾಳುವರು.

ಐವತ್ತರ ಸುಮಾರಿಗೆ ನಮ್ಮ ತಮ್ಮನ ಹೃದಯ ಸೊರಗಿತು; ರಕ್ತಪರೀಕ್ಷೆಯಲ್ಲಿ ಈ ಲೋಪವೇ ಕಂಡಿತು. ತಂದೆಯಲ್ಲಿದ್ದರೆ ಪ್ರತಿ ಮಗುವಿಗೂ ಅರ್ಧ ಸಂಭವವೆಂದು ವೈದ್ಯರು ತಿಳಿಸಿದರು. ಅವನ ಮಗಳಿಗೆ ಆಗ ಸಂಬಂಧ ಕೂಡಿಬರುತ್ತಿತ್ತು. "ಮದುವೆ ಮುಗಿಯಲಿ, ಆಮೇಲೆ ನೋಡೋಣ" ಎಂದು ಹಿರಿಯರು ಪಿಸುಗುಟ್ಟಿದರು. ಹುಡುಗಿಯಾದರೋ ನಮ್ಮಲ್ಲಿಗೆ ಬಂದು, "ದೊಡ್ಡಪ್ಪ, ಜಾತಕವನ್ನು ಕೊಟ್ಟವರು ಇದನ್ನೇಕೆ ಬಚ್ಚಿಡಬೇಕು?" ಎಂದಳು. ನಾವಿಬ್ಬರೂ ಪರೀಕ್ಷೆ ಮಾಡಿಸಿಕೊಂಡೆವು. ನಮ್ಮಲ್ಲಿ ಲೋಪವಿರಲಿಲ್ಲ, ಅವಳಲ್ಲಿತ್ತು. ಎಕೋ ಪರೀಕ್ಷೆಯಲ್ಲಿ ಮಾತ್ರ ಹೃದಯ ಸರಿಯಾಗಿಯೇ ಇತ್ತು. ಕೆಲವು ವರ್ಷಗಳಿಗೊಮ್ಮೆ ತೋರಿಸಿಕೊಳ್ಳಬೇಕೆಂದು ವಿಧಿಸಿದರು. ಎಲ್ಲವನ್ನೂ ಗಂಡಿನ ಮನೆಯವರಿಗೆ ಅವಳೇ ಹೇಳಿದಳು. ಉತ್ತರ ಬರಲು ಎಂಟು ದಿನ ಹಿಡಿಯಿತು. ಆ ಎಂಟು ದಿನ ನಮ್ಮ ತಮ್ಮನು ಸರಿಯಾಗಿ ಉಣ್ಣಲಿಲ್ಲ. ಒಂಬತ್ತನೆಯ ದಿನ ಅವರು ಲಗ್ನಪತ್ರಿಕೆಯ ಮಾತೆತ್ತಿದರು.

ವಾಚಕ ಮಹಾಶಯರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಮನೆಯಲ್ಲಿ ಗೋತ್ರ, ನಕ್ಷತ್ರಗಳನ್ನು ಬರೆದಿಟ್ಟ ಪುಸ್ತಕದಲ್ಲಿಯೇ ಮೂರು ತಲೆಮಾರಿನವರು ಯಾವ ವಯಸ್ಸಿನಲ್ಲಿ, ಯಾವ ಬೇನೆಯಿಂದ ತೀರಿಕೊಂಡರೆಂದೂ ಬರೆದಿಡಿರಿ. ಮೆಟ್ಟಿಲೇರುವಾಗ ಏದುಸಿರು, ಕಾಲು ಬಾವು, ಕಾರಣವಿಲ್ಲದ ಮೂರ್ಛೆ ಕಂಡರೆ ಆ ಪುಸ್ತಕವನ್ನು ವೈದ್ಯರ ಬಳಿಗೆ ಒಯ್ಯಿರಿ.