ಕುಟ್ಟಾಣಿಗೊಂದು ಕಪಾಟು

ಪುತ್ತೂರು, ಜೂನ್ 12, 2025, ಗುರುವಾರ

ಮಳೆ ಬಿಡುವ ಲಕ್ಷಣ ಇಲ್ಲ. ಹಲ್ಲು ಕೀಳುವ ಇಕ್ಕಳಗಳನ್ನೆಲ್ಲ ಹೊರತೆಗೆದು ಒರೆಸಿ ಎಣ್ಣೆ ಸವರಿದೆ. ಈ ಊರಲ್ಲಿ ಮ್ಯೂಸಿಯಂ ನಡೆಸುವುದೆಂದರೆ ಮಳೆಗಾಲ ಪೂರ್ತಿ ತುಕ್ಕಿನ ಜೊತೆ ಗುದ್ದಾಟ, ಆಮೇಲೆ ಗೆದ್ದಲಿನ ಜೊತೆ. ಪ್ರಾಕ್ಟೀಸ್ ನಿಲ್ಲಿಸಿ ಕ್ಲಿನಿಕ್ಕಿನ ಮಾಳಿಗೆಯನ್ನು ಹೀಗೆ ಮಾಡುತ್ತೇನೆಂದಾಗ ಹೆಂಡತಿ, "ಇಕ್ಕಳ ನೋಡ್ಲಿಕ್ಕೆ ಯಾರು ಬರ್ತಾರೆ?" ಅಂದಿದ್ದಳು. ಇಕ್ಕಳ ನೋಡಲಿಕ್ಕೇ ಬರುತ್ತಾರೆ! ಬಾಲವನದಲ್ಲಿ ಕಾರಂತರ ಮನೆ ನೋಡಿ, ಬಸ್ಸಿಗೆ ಇನ್ನೂ ಹೊತ್ತಿದ್ದರೆ ಇಲ್ಲಿಗೆ.

ಕಾಲಲ್ಲಿ ತುಳಿಯುವ ಡ್ರಿಲ್ಲಿನ ಬೆಲ್ಟ್ ಮತ್ತೆ ಸಡಿಲ. ಹೊಲಿಗೆ ಮಿಷನ್ನಿನದ್ದೇ ಇನ್ನೊಂದು ತರಬೇಕು. ಅಮೆರಿಕದ ಮಾರಿಸನ್ 1871ರಲ್ಲಿ ಪೇಟೆಂಟ್ ಮಾಡಿಸಿದ ಜಾತಿಯದು. 1957ರಲ್ಲಿ ಬಂದ ಗಾಳಿಯ ಡ್ರಿಲ್ಲು ಏರೋಟರ್ ನಿಮಿಷಕ್ಕೆ ಸುಮಾರು 3 ಲಕ್ಷ ಸುತ್ತು ತಿರುಗಿತು. ಶಾಲೆಯ ಮಕ್ಕಳಿಗೆ ಮಾತ್ರ ತುಳಿಯುವುದೇ ಇಷ್ಟ.

ಜೂನ್ 21, ಶನಿವಾರ

ವಲ್ಕನೈಟ್ ಹಲ್ಲುಸೆಟ್ಟಿನ ಕಪಾಟಿಗೆ ಪರದೆ ಹಾಕಿಸಿದೆ. ಈ ಗಟ್ಟಿ ರಬ್ಬರು ಬೆಳಕಿಗೆ ಮಾಸುವುದಷ್ಟೇ ಅಲ್ಲ, ಅದರೊಳಗಿನ ಗಂಧಕ ಆಮ್ಲವಾಗಿ ಜಿನುಗಿ ಪಕ್ಕದ ಲೋಹವನ್ನೂ ತಿನ್ನುತ್ತದೆ. 19ನೇ ಶತಮಾನದ ನಡುವಿನಿಂದ ಅಕ್ರಿಲಿಕ್ ಬರುವ ತನಕ ಕಟ್ಟಿದ ಹಲ್ಲಿಗೆಲ್ಲ ಇದೇ ಆಧಾರ. ಆನೆದಂತ, ಚಿನ್ನ ಕೊಳ್ಳಲಾಗದವರಿಗೂ ಹಲ್ಲು ಕೊಟ್ಟದ್ದು ರಬ್ಬರು.

ಆದರೆ ಆ ಕಾಲದ ನಮ್ಮ ಹಳ್ಳಿಗಳಲ್ಲಿ ಇದನ್ನು ಹಾಕಿಕೊಂಡವರು ಎಷ್ಟು ಜನ? ಹಲ್ಲು ಉದುರಿದ ಅಜ್ಜಂದಿರಿಗೆ ಎಲೆ ಅಡಿಕೆ ಸುಣ್ಣ ಅಗಿದು ಕೊಟ್ಟದ್ದು ಕುಟ್ಟಾಣಿ. ಬಾಯಿಯ ಹೊರಗಿನ ಹಲ್ಲುಸೆಟ್ಟು ಅಂತಲೇ ನನ್ನ ಲೆಕ್ಕ. ನನ್ನ ಕಪಾಟು ತುಂಬ ಪರದೇಶದ ಉಕ್ಕು; ಕುಟ್ಟಾಣಿ ಒಂದೂ ಇಲ್ಲ. ಊರವರು ಹಲ್ಲುಜ್ಜುತ್ತಿದ್ದ ವಸ್ತುಗಳೂ ಇಲ್ಲ. ಉಮಿಕರಿಯನ್ನು ಡಬ್ಬಿಯಲ್ಲಿಡಬಹುದು. 1913ರಲ್ಲಿ ಶುರುವಾದ ಸದ್ವೈದ್ಯಶಾಲೆಯ ನಂಜನಗೂಡು ಹಲ್ಲುಪುಡಿ ಈಗಲೂ ಅಂಗಡಿಯಲ್ಲಿ ಸಿಗುತ್ತದೆ. ಮಾವಿನೆಲೆಯನ್ನು ಇಡುವುದು ಹೇಗೆ? ನಡುವಿನ ದಂಟು ಕಿತ್ತು, ಎಲೆ ಸುರುಟಿ ಹಲ್ಲುಜ್ಜಿ, ಅದೇ ದಂಟನ್ನು ಸೀಳಿ ನಾಲಿಗೆ ಕೆರೆದು ಎಸೆಯುವುದು. ಎಸೆಯುವ ವಸ್ತುವಿಗೆ ಮ್ಯೂಸಿಯಂ ಇಲ್ಲ. ಕೊನೆಗೆ ಫೋಟೋ ಹಾಕುವುದೆಂದಾಯಿತು.

ಜುಲೈ 3, ಗುರುವಾರ

ಪಕ್ಕದ ತೋಟದ ಭಟ್ರು ಅಡಕತ್ತರಿಯ ಕೆಳಗಿನ ಲೇಬಲ್ ಓದಿ ಸಿಟ್ಟಾದರು. ಅಡಿಕೆ ಅಗಿಯುವುದು ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದೆ ಅಂತ ಬರೆದಿದ್ದೇನೆ.

"ಎಂತ ಡಾಕ್ಟ್ರೇ, ಅಡಿಕೆಯ ಊರಲ್ಲಿ ಕೂತು ಅಡಿಕೆಗೇ ಕಲ್ಲು ಹೊಡೆಯುವುದಾ? ನಿಮ್ಮ ಫೀಸು ಎಲ್ಲಿಂದ ಬಂತು?"

ತೋಟದಿಂದಲೇ ಬಂತು, ಅದು ನಿಜ. ಆದರೆ ಕಡಬದ ಕಡೆಯಿಂದ ಕ್ಲಿನಿಕ್ಕಿಗೆ ಬಂದಿದ್ದ ಒಬ್ಬ ಹುಡುಗನನ್ನು ಮರೆಯಲಾಗುವುದಿಲ್ಲ. ಸರಿಯಿರುವ ಬಾಯಲ್ಲಿ ಮೂರು ಬೆರಳನ್ನು ಒಂದರ ಮೇಲೊಂದು ಇಟ್ಟು ತೂರಿಸಬಹುದು. ಅವನಿಗೆ ಒಂದೇ ಬೆರಳು; ಅದೂ ಕಷ್ಟದಲ್ಲಿ. ಕೆನ್ನೆಯ ಒಳಗೆ ಬಿಳಚಿದ ಪಟ್ಟಿಗಳು, ಮುಟ್ಟಿದರೆ ಹಗ್ಗದ ಹಾಗೆ ಬಿಗಿ. ಗುಟ್ಕಾ. ಕರ್ನಾಟಕದಲ್ಲಿ ಅದಕ್ಕೆ ನಿಷೇಧ ಬಂದದ್ದು 2013ರಲ್ಲಿ. ಭಟ್ರಿಗೆ ಚಾ ಕೊಟ್ಟೆ. ಲೇಬಲ್ ತೆಗೆಯಲಿಲ್ಲ.

ಜುಲೈ 6, ಭಾನುವಾರ

ಸುಳ್ಯದಿಂದ ಡೆಂಟಲ್ ವಿದ್ಯಾರ್ಥಿಗಳು ಬಂದಿದ್ದರು. ಕುರುಂಜಿ ವೆಂಕಟರಮಣ ಗೌಡರು ಅಲ್ಲಿ ಕಾಲೇಜು ತೆರೆದದ್ದು 1991ರಲ್ಲಿ. ಅದಕ್ಕೂ ಮೊದಲು ದವಡೆಯ ದೊಡ್ಡ ಕೆಲಸವೆಂದರೆ ಮಣಿಪಾಲ ಇಲ್ಲವೇ ಮಂಗಳೂರು. ಮಕ್ಕಳು ಇಕ್ಕಳ ಹಿಡಿದು ಸೆಲ್ಫಿ ತೆಗೆದರು. ಒಬ್ಬಳು ಮಾತ್ರ ಪಾದರಸದ ಬಾಟಲಿ ಎದುರು ನಿಂತು, "ಸರ್, ಇದು ಹೀಗೇ ಇಡಬಹುದಾ?" ಅಂದಳು. ಇಡಬಾರದು. ಸೀಲ್ ಮಾಡಿಸಬೇಕು.

ಅವರು ಹೋದ ಮೇಲೆ ಭಟ್ರು ಮಗನ ಕೈಯಲ್ಲಿ ಅವರ ಅಜ್ಜಿಯ ಹಿತ್ತಾಳೆ ಕುಟ್ಟಾಣಿ ಕಳಿಸಿದರು. ಷರತ್ತು ಒಂದೇ: ಆ ಲೇಬಲ್ಲಿನ ಹತ್ತಿರ ಇಡಬಾರದು. ಒಪ್ಪಿದೆ. ಹಲ್ಲುಸೆಟ್ಟಿನ ಕಪಾಟಿನ ಪಕ್ಕಕ್ಕೇ ಅದರ ಜಾಗ, ಆದರೆ ಬೇರೆ ಗಾಜಿನೊಳಗೆ. ಆಮ್ಲ ತಾಗಿ ಹಿತ್ತಾಳೆ ಹಸುರುಗಟ್ಟಿದರೆ ಭಟ್ರಿಗೆ ಉತ್ತರ ಹೇಳುವವ ನಾನು.