ಎಲ್ಲೂ ಒಂದು ಡೆಂಟ್ ಇಲ್ಲ

ನಾನು ಸುಳ್ಳು ಹೇಳಲಿಲ್ಲ. ಇಪ್ಪತ್ತು ವರ್ಷಗಳಿಂದ ಈ ಮಾತನ್ನು ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಮಾತು ನಿಜವೇ. ಆ ಹುಡುಗ ಕೇಳಿದ್ದೊಂದು, ನಾನು ಹೇಳಿದ್ದಿನ್ನೊಂದು. ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಹಾಗಿದ್ದ ಮೇಲೆ ಅದನ್ನು ಮತ್ತೆ ಮತ್ತೆ ಹೇಳಿಕೊಳ್ಳುವ ಅಗತ್ಯವೇನಿತ್ತು ಎಂಬುದೇ ಈಗ ಕಾಡುತ್ತಿರುವುದು.

1998ರಲ್ಲಿ ನಾನು ಒಹಾಯೊದ ಕೊಲಂಬಸ್‌ನಲ್ಲಿದ್ದೆ. ಎರಡು ಸಾವಿರನೇ ಇಸವಿ ಕಾಲಿಟ್ಟ ಕೂಡಲೇ ಕಂಪ್ಯೂಟರುಗಳೆಲ್ಲ ಲೆಕ್ಕ ತಪ್ಪುತ್ತವೆ ಎಂಬ ಗಾಬರಿಯಲ್ಲಿ ಅಮೆರಿಕ ನಮ್ಮಂಥವರನ್ನು ವಿಮಾನಗಟ್ಟಲೆ ಕರೆಸಿಕೊಳ್ಳುತ್ತಿದ್ದ ಕಾಲ. ಜೊತೆಗಾರರೆಲ್ಲ ಹಳೆಯ ಕೊರೊಲಾ, ಹಳೆಯ ಸಿವಿಕ್ ಹುಡುಕಿದರು. ನಾನು ಹೊಸ ಸ್ಯಾಟರ್ನ್ ಎಸ್ಎಲ್1 ಕೊಂಡೆ. ಫೋನಿನಲ್ಲಿ ಅಮ್ಮ ಕಾರಿನ ಹೆಸರೇನು ಅಂದಳು. ಹೇಳಿದೆ. ಹಾಗಂದರೇನು ಅಂದಳು. ಶನಿಗ್ರಹ ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. "ಅಷ್ಟು ದೂರ ಹೋಗಿ, ಹೋಗಿ ಹೋಗಿ ಶನಿ ಹೆಸರಿನ ಕಾರು ತಗೊಂಡ್ಯೇನೋ?" ಚಂದ್ರನ ಮೇಲೆ ಮನುಷ್ಯರನ್ನು ಇಳಿಸಿದ ರಾಕೆಟ್ಟಿಗೂ ಇದೇ ಹೆಸರಮ್ಮ ಎಂದು ಸಮಾಧಾನ ಮಾಡಲು ನೋಡಿದೆ. ಅವಳಿಗದು ಸಮಾಧಾನ ತರಲಿಲ್ಲ. ಆ ವಾರದಿಂದ ಪ್ರತಿ ಶನಿವಾರ ತಿಪಟೂರಿನಲ್ಲಿ ನನ್ನ ಕಾರಿನ ಹೆಸರಲ್ಲಿ ಎಳ್ಳೆಣ್ಣೆ ದೀಪ ಉರಿಯಿತು.

ಅದನ್ನೇ ಯಾಕೆ ಕೊಂಡೆ ಅಂತ ಯಾರಾದರೂ ಕೇಳಿದರೆ ಮೈಲೇಜು, ಬೆಲೆ ಎಂದೆಲ್ಲ ಹೇಳುತ್ತಿದ್ದೆ. ನಿಜವಾದ ಕಾರಣ ಅಪ್ಪನ ಅಂಗಡಿ.

ಅಪ್ಪನದು ಜವಳಿ ಅಂಗಡಿ. ಚೌಕಾಸಿ ಇಲ್ಲದ ವ್ಯಾಪಾರವನ್ನು ನಾನು ನೋಡಿಯೇ ಇರಲಿಲ್ಲ. ಮುನ್ನೂರು ಅನ್ನುವುದು, ನೂರೈವತ್ತಕ್ಕೆ ಕೊಡಿ ಅನ್ನುವುದು, ಬೋಣಿ ಹೊತ್ತು ಬೇಡ ಅನ್ನಬೇಡಿ ಅನ್ನುವುದು, ಎದ್ದು ಹೊರಟವರನ್ನು ಮೆಟ್ಟಿಲಿಂದ ವಾಪಸು ಕರೆಯುವುದು. ಅದೆಲ್ಲ ಆಟ, ಎರಡೂ ಕಡೆಯವರಿಗೆ ಗೊತ್ತಿದ್ದ ಆಟ ಎಂದು ಈಗ ಅನ್ನಿಸುತ್ತದೆ. ಆದರೆ ಒಂದು ಸಂಗತಿ ಆಟವಾಗಿರಲಿಲ್ಲ. ಬೇಲಿನಲ್ಲಿ ಆಗೊಂದು ಈಗೊಂದು ಸೀರೆಯಲ್ಲಿ ನೂಲು ಹಾರಿರುತ್ತಿತ್ತು, ಇಲ್ಲವೇ ಬಣ್ಣ ಕಲೆಗಟ್ಟಿರುತ್ತಿತ್ತು. ಅಪ್ಪ ಅದನ್ನು ತೊಡೆಯ ಮೇಲೆ ಹಾಕಿಕೊಂಡು, ಕಲೆ ಒಳಮಗ್ಗುಲಿಗೆ ಬರುವ ಹಾಗೆ ಮಡಿಸುತ್ತಿದ್ದ. ಅಂಗೈಯಿಂದ ಎರಡು ಸಲ ನೀವುತ್ತಿದ್ದ. ಹತ್ತನೇ ಕ್ಲಾಸಿನ ನನಗೆ ಆ ನೀವುವ ಕೈ ನೋಡಿದರೆ ಮೈಯೆಲ್ಲ ಉರಿಯುತ್ತಿತ್ತು. ಒಂದು ದಿನ ಅಂದೂಬಿಟ್ಟೆ. ಅಪ್ಪ ತಲೆಯೆತ್ತದೆ, "ಕೇಳಿದರೆ ತೋರಿಸ್ತೀನಲ್ಲೋ" ಅಂದ.

ಸ್ಯಾಟರ್ನ್ ಷೋರೂಮಿನಲ್ಲಿ ಚೌಕಾಸಿ ಇರಲಿಲ್ಲ. ಗಾಜಿಗೆ ಅಂಟಿಸಿದ ಬೆಲೆಯೇ ಬೆಲೆ. ವಕೀಲನಿಗೂ ಅದೇ, ವಿದ್ಯಾರ್ಥಿಗೂ ಅದೇ, ಭಾಷೆ ತಡವರಿಸುವ ನನಗೂ ಅದೇ. ಅಮೆರಿಕದ ಬೇರೆ ಕಾರಂಗಡಿಗಳಲ್ಲಿ ತಿಪಟೂರನ್ನು ಮೀರಿಸುವ ಜಗ್ಗಾಟ ನಡೆಯುತ್ತದೆಂದು ನನಗೆ ಗೊತ್ತಾದದ್ದು ಆಮೇಲೆ. ಮಾರುವಾತ ಮೊಣಕಾಲಿನಿಂದ ಬಾಗಿಲಿಗೆ ಒಂದು ಗುದ್ದು ಕೊಟ್ಟ. ಬಾಗಿಲು ಒಳಕ್ಕೆ ಹೋಗಿ ಟಪ್ ಎಂದು ಹಿಂದಕ್ಕೆ ಬಂತು, ಗುರುತೇ ಉಳಿಯಲಿಲ್ಲ. ಮೇಲ್ಛಾವಣಿ, ಬಾನೆಟ್ಟು, ಡಿಕ್ಕಿಯ ಮುಚ್ಚಳ ಉಕ್ಕಿನವು. ಪಕ್ಕದ ಹೊದಿಕೆಯೆಲ್ಲ ಪ್ಲಾಸ್ಟಿಕ್ಕು. ಒಳಗೆ ಉಕ್ಕಿನ ಅಸ್ಥಿಪಂಜರ. ಬಿಸಿಲಿಗೆ ಪ್ಲಾಸ್ಟಿಕ್ ಹಿಗ್ಗುವುದರಿಂದ ಹೊದಿಕೆಗಳ ನಡುವಿನ ಸಂದು ಬೇರೆ ಕಾರುಗಳಿಗಿಂತ ಅಗಲ ಎಂದೂ ತೋರಿಸಿದ. ಕೀಲಿ ಕೊಡುವ ದಿನ ಅಂಗಡಿಯವರೆಲ್ಲ ಸುತ್ತ ನಿಂತು ಚಪ್ಪಾಳೆ ತಟ್ಟಿದರು, ಕಾರಿನ ಪಕ್ಕ ನಿಲ್ಲಿಸಿ ಫೋಟೊ ತೆಗೆದರು. ನಾಚಿಕೆಯಾಯಿತು. ಖುಷಿಯೂ ಆಯಿತು. ಅಪ್ಪನ ಅಂಗಡಿಯಿಂದ ಕೊನೆಗೂ ಹೊರಬಿದ್ದೆ ಅನ್ನಿಸಿತು.

ಆಮೇಲೆ ನಾನು ಆ ಕಂಪನಿಯ ಹರಿಕಥೆ ದಾಸನಾದೆ. ಕನ್ನಡ ಕೂಟದ ಊಟದ ಸಾಲಿನಲ್ಲಿ ಬಿಸಿಬೇಳೆಬಾತಿನ ತಟ್ಟೆ ಹಿಡಿದು ನಿಂತವರಿಗೆಲ್ಲ ಕಥೆ. ಜಪಾನಿನ ಚಿಕ್ಕ ಕಾರುಗಳ ಮುಂದೆ ಸೋಲುತ್ತಿದ್ದ ಜನರಲ್ ಮೋಟರ್ಸ್ 1985ರ ಜನವರಿಯಲ್ಲಿ ಈ ಹೊಸ ಕಂಪನಿಯನ್ನು ಘೋಷಿಸಿದ್ದು. ಡೆಟ್ರಾಯಿಟ್ ಬಿಟ್ಟು ಟೆನೆಸಿಯ ಸ್ಪ್ರಿಂಗ್ ಹಿಲ್ ಎಂಬ ಹಳ್ಳಿಯಂಥ ಊರಿನಲ್ಲಿ ಕಾರ್ಖಾನೆ ಕಟ್ಟಿದ್ದು. ಕಾರ್ಮಿಕ ಸಂಘದೊಡನೆ ಬೇರೆಯದೇ ಒಪ್ಪಂದ ಮಾಡಿಕೊಂಡು, ಕೆಲಸಗಾರರು ತಂಡಗಳಲ್ಲಿ ಕೂತು ತೀರ್ಮಾನಕ್ಕೆ ಬರುವ ಪದ್ಧತಿ ತಂದದ್ದು. 1990ರ ಜುಲೈ 30ರಂದು ಅಧ್ಯಕ್ಷ ರಾಜರ್ ಸ್ಮಿತ್ ಮತ್ತು ಸಂಘದ ನಾಯಕ ಓವೆನ್ ಬೀಬರ್ ಇಬ್ಬರೂ ಒಂದೇ ಕಾರಿನಲ್ಲಿ ಕೂತು ಮೊದಲ ಸ್ಯಾಟರ್ನ್ ಹೊರತಂದದ್ದು. ಮಾಲೀಕ, ಯೂನಿಯನ್ ಲೀಡರ್ ಒಂದೇ ಕಾರಿನಲ್ಲಿ ಎನ್ನುವಾಗ ನನ್ನ ದನಿ ಏರುತ್ತಿತ್ತು. 1994ರಲ್ಲಿ 40,000ಕ್ಕೂ ಹೆಚ್ಚು ಜನ ತಮ್ಮ ಕಾರು ಹುಟ್ಟಿದ ಕಾರ್ಖಾನೆ ನೋಡಲು ಸ್ಪ್ರಿಂಗ್ ಹಿಲ್‌ಗೆ ಬಂದರಂತೆ. ಜಾತ್ರೆಗೆ ಬಂದ ಹಾಗೆ.

ಎಲ್ಲಕ್ಕಿಂತ ನಾನು ಇಷ್ಟಪಟ್ಟು ಹೇಳುತ್ತಿದ್ದದ್ದು 1991ರ ಕೂಲೆಂಟ್ ಪ್ರಸಂಗ. ಹೊರಗಿನಿಂದ ತರಿಸಿದ ಕೂಲೆಂಟಿನ ಮಿಶ್ರಣ ಸರಿಯಿರಲಿಲ್ಲ, ಎಂಜಿನ್ನು ತಿನ್ನುತ್ತಿತ್ತು. ಕಂಪನಿ ತಾನೇ ಗಿರಾಕಿಗಳನ್ನು ಕರೆದು ಹೇಳಿತು. ಬಿಚ್ಚಿ ರಿಪೇರಿ ಮಾಡಿಕೊಡಲಿಲ್ಲ. ಸುಮಾರು 1,800 ಕಾರುಗಳನ್ನು ವಾಪಸು ಪಡೆದು ಬೇರೆ ಹೊಸ ಕಾರನ್ನೇ ಕೊಟ್ಟಿತು. ಇದನ್ನು ಹೇಳುವಾಗ, ಆ ಕಾರುಗಳನ್ನು ನಾನೇ ಬದಲಾಯಿಸಿ ಕೊಟ್ಟೆನೇನೋ ಎಂಬ ಹಾಗೆ ಎದೆಯುಬ್ಬುತ್ತಿತ್ತು. ಬೇರೆಯವರ ಪ್ರಾಮಾಣಿಕತೆಯನ್ನು ಕಂತಿನ ಮೇಲೆ ಕೊಂಡು ಓಡಿಸುತ್ತಿದ್ದೆ ಎಂದು ಈಗ ಬರೆಯಬಹುದು. ಬರೆದದ್ದು ಚೆನ್ನಾಗಿ ಕೇಳಿಸುತ್ತದೆ, ಅದಕ್ಕೇ ಅನುಮಾನ. ಅಷ್ಟು ಜಾಣತನ ಆಗ ಇರಲಿಲ್ಲ. ನನಗೆ ಆ ಕಾರು ನಿಜವಾಗಿಯೂ ಇಷ್ಟವಾಗಿತ್ತು.

2003ರ ಡಿಸೆಂಬರ್. ಮೊದಲ ಹಿಮ ಬಿದ್ದು, ಕರಗಿ, ರಾತ್ರಿ ಗಾಜಿನಂತೆ ಗಟ್ಟಿಯಾಗಿತ್ತು. ಅಂಗಡಿಯೊಂದರ ಪಾರ್ಕಿಂಗ್ ಜಾಗದಲ್ಲಿ ಬೇಕಾದ್ದಕ್ಕಿಂತ ಜೋರಾಗಿ ತಿರುಗಿಸಿದೆ. ಕಾರು ಜಾರಿ, ದೀಪದ ಕಂಬದ ಕಾಂಕ್ರೀಟ್ ಬುಡಕ್ಕೆ ಎಡಗಡೆಯ ಮುಂಚಕ್ರದ ಹತ್ತಿರ ಗುದ್ದಿಕೊಂಡಿತು. ತಪ್ಪು ಪೂರಾ ನನ್ನದು. ಇಳಿದು ನೋಡಿದರೆ ಹೊದಿಕೆ ಆಗಲೇ ಟಪ್ ಎಂದು ಹಿಂದಕ್ಕೆ ಬಂದಿತ್ತು. ಬೆರಳುದ್ದದ ಒಂದು ಗೀರು, ಅಷ್ಟೆ. ಅದೂ ಪಾಲಿಷಿಗೆ ಹೋಯಿತು.

ಕಾರು ಮಾತ್ರ ಎಡಕ್ಕೆ ಎಳೆಯತೊಡಗಿತು. ಮೆಕ್ಯಾನಿಕ್ ಲಿಫ್ಟಿಗೇರಿಸಿ ಟಾರ್ಚು ಹಿಡಿದು ತೋರಿಸಿದ: ಎಂಜಿನ್ ಕೂರುವ ಉಕ್ಕಿನ ಚೌಕಟ್ಟಿನ ಒಂದು ಮೂಲೆ ಮಡಚಿ ಹಿಂದೆ ಸರಿದಿದೆ, ಅದಕ್ಕೆ ಅಂಟಿಕೊಂಡ ತೋಳು ಬಾಗಿದೆ. ಅಲೈನ್‌ಮೆಂಟ್ ಮಾಡಿದರೂ ನಿಲ್ಲುವುದಿಲ್ಲ, ಟೈರಿನ ಒಳಅಂಚು ಸವೆಯುತ್ತಲೇ ಇರುತ್ತದೆ ಅಂದ. 1,400 ಡಾಲರ್ ಕೇಳಿದ. ನಾನು ಮೂರು ತಿಂಗಳಲ್ಲಿ ಬೆಂಗಳೂರಿಗೆ ವಾಪಸಾಗುವವನಿದ್ದೆ. ಅಲೈನ್‌ಮೆಂಟ್ ಮಾತ್ರ ಮಾಡಿಸಿಕೊಂಡು ಬಂದೆ. ವಿಮೆ ಕ್ಲೈಮ್ ಮಾಡಲಿಲ್ಲ, ಹಾಗಾಗಿ ಯಾವ ದಾಖಲೆಯಲ್ಲೂ ಅದು ಇಲ್ಲ. ಆಗಲೇ ಮಾರುವುದನ್ನು ಯೋಚಿಸಿಯೇ ಕ್ಲೈಮ್ ಮಾಡಲಿಲ್ಲವೋ? ಇಲ್ಲ ಎಂದೇ ನೆನಪು. ಆದರೆ ಈ ವಿಷಯದಲ್ಲಿ ನನ್ನ ನೆನಪು ನನ್ನ ಕಡೆಯ ಸಾಕ್ಷಿ.

ಕೊಂಡವನು ಅಲ್ಲಿಗೆ ಎಂಎಸ್ ಓದಲು ಬಂದ, ದಾವಣಗೆರೆ ಕಡೆಯ ಹುಡುಗ. ಯುಗಾದಿ ಕಾರ್ಯಕ್ರಮದಲ್ಲಿ ಪರಿಚಯವಾದವನು. ಭಾನುವಾರ ಬೆಳಿಗ್ಗೆ ಸ್ನೇಹಿತನೊಬ್ಬನನ್ನು ಕರೆದುಕೊಂಡು ಬಂದ. ಇಬ್ಬರಿಗೂ ಕಾರಿನ ಬಗ್ಗೆ ಅಷ್ಟಕ್ಕಷ್ಟೆ. ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಎಡಗಡೆ ಬಾನೆಟ್ಟಿನ ಹತ್ತಿರ ಬಂದಾಗ ಅವನು ಬೆರಳಿಟ್ಟ. "ಸರ್, ಇಲ್ಲಿ ಗ್ಯಾಪ್ ಸ್ವಲ್ಪ ಜಾಸ್ತಿ ಐತಲ್ರಿ?"

ಎದೆ ಧಸಕ್ಕೆಂದಿತು. ಬಾಯಿ ಮಾತ್ರ ತಡವರಿಸಲಿಲ್ಲ. "ಸ್ಯಾಟರ್ನ್‌ಗಳಲ್ಲಿ ಗ್ಯಾಪ್ ಜಾಸ್ತಿಯೇ. ಪ್ಲಾಸ್ಟಿಕ್ ಬಿಸಿಲಿಗೆ ಹಿಗ್ಗುತ್ತಲ್ಲ, ಅದಕ್ಕೇ ಬಿಟ್ಟಿರ್ತಾರೆ."

ಅಪ್ಪಟ ನಿಜ. ಬಲಗಡೆಯ ಗ್ಯಾಪು ಎಷ್ಟಿದೆ ನೋಡು ಎಂದು ನಾನು ಹೇಳಲಿಲ್ಲ, ಅವನೂ ನೋಡಲಿಲ್ಲ.

ಆಮೇಲೆ ಕೇಳಿದ, ಸಂಕೋಚಪಟ್ಟುಕೊಂಡೇ: "ಆಕ್ಸಿಡೆಂಟ್ ಗೀಕ್ಸಿಡೆಂಟ್ ಏನೂ ಆಗಿಲ್ಲ ಅಲ್ರಿ ಸರ್?"

"ನೋಡಪ್ಪ, ಎಲ್ಲೂ ಒಂದು ಡೆಂಟ್ ಇಲ್ಲ" ಅಂದೆ. ಅಂದು, ಮುಂಚಕ್ರದ ಮೇಲಿನ ಹೊದಿಕೆಯನ್ನು ಅಂಗೈಯಿಂದ ನೀವಿದೆ. ಎರಡು ಸಲ.

ಬೆಲೆ 2,800 ಡಾಲರ್ ಹೇಳಿದೆ. 2,500ಕ್ಕೆ ಆಗುತ್ತಾ ಅಂದ. ನಾನು ನಕ್ಕು, ಸ್ಯಾಟರ್ನ್‌ಗೆ ಚೌಕಾಸಿ ಇಲ್ಲ, ಅದು ಆ ಕಂಪನಿಯ ಧರ್ಮ ಅಂದೆ. ಕೂಲೆಂಟ್ ಪ್ರಸಂಗವನ್ನೂ ಹೇಳಿದೆ! ಇದನ್ನು ಬರೆಯುವಾಗಲೂ ನಂಬಲಾಗುತ್ತಿಲ್ಲ, ಆದರೆ ಹೇಳಿದೆ. ಹುಡುಗರು ಬಾಯಿ ಬಿಟ್ಟುಕೊಂಡು ಕೇಳಿದರು. ಕೀಲಿ ಕೊಟ್ಟು, ಕಾರಿನ ಪಕ್ಕ ನಿಲ್ಲಿಸಿ ಫೋಟೊ ತೆಗೆದೆ. ಅವನ ಸ್ನೇಹಿತ ಚಪ್ಪಾಳೆ ತಟ್ಟಿದ. ನಾನೇ ತಟ್ಟಲು ಹೇಳಿದ್ದೆ.

ಐದಾರು ತಿಂಗಳ ಮೇಲೆ ಬೆಂಗಳೂರಿಗೆ ಫೋನು ಬಂತು. ಮುಂದಿನ ಎರಡು ಟೈರು ಹೋದವಂತೆ. ಹೊಸದು ಹಾಕುವಾಗ ಅಂಗಡಿಯವನು ಕೆಳಗೆ ಚೌಕಟ್ಟಿಗೆ ಪೆಟ್ಟು ಬಿದ್ದಿದೆ ಅಂದನಂತೆ. ನಾನು ಫೋನು ಹಿಡಿದು ಕಿಟಕಿಯ ಹತ್ತಿರ ಹೋದೆ. ಏನು ಹೇಳಬೇಕೆಂದು ಹುಡುಕುವಷ್ಟರಲ್ಲಿ ಅವನೇ ಮುಂದುವರಿಸಿದ: "ಪಾರ್ಕಿಂಗ್‌ನ್ಯಾಗ ಯಾರೋ ಗುದ್ದಿ ಹೋಗಿರಬೇಕ್ರಿ ಸರ್. ಡೆಂಟ್ ಬೀಳಂಗಿಲ್ಲಲ್ರಿ ಇದಕ್ಕ, ನಿಮಗೂ ಗೊತ್ತಾಗಿರಲಿಕ್ಕಿಲ್ಲ."

"ಇರಬಹುದು" ಅಂದೆ.

ಮಾರಿದ್ದಕ್ಕಿಂತ ಈ ಒಂದು ಪದ ನನ್ನನ್ನು ಹೆಚ್ಚು ಚುಚ್ಚುತ್ತದೆ. ಮಾರುವಾಗ ಹೊರಡುವ ಗಡಿಬಿಡಿ ಇತ್ತು, ಬಾಡಿಗೆ ಮನೆಯ ಲೆಕ್ಕ ಇತ್ತು, ಹೆಂಡತಿ ಎಂಟು ತಿಂಗಳ ಬಸುರಿ. ಇವು ಕಾರಣಗಳೇ, ನೆಪ ಎಂದು ಪೂರ್ತಿ ತಳ್ಳಿಹಾಕಲಾರೆ. ಫೋನು ಬಂದಾಗ ಇವು ಯಾವುದೂ ಇರಲಿಲ್ಲ. ಒಂದು ಮಾತು ಹೇಳಿ ಹಣ ಕಳಿಸಬಹುದಿತ್ತು. ಹಣಕ್ಕೆ ಹೆದರಲಿಲ್ಲ ಅನ್ನಿಸುತ್ತದೆ. ಅವನ ದನಿಯಲ್ಲಿದ್ದ 'ಸರ್' ಕಳೆದುಕೊಳ್ಳಲು ಹೆದರಿದೆ.

ಅಪ್ಪನ ನೆನಪಾದದ್ದು ಆಗಲ್ಲ, ಎಷ್ಟೋ ವರ್ಷಗಳ ಮೇಲೆ. ಕಲೆಯಿದ್ದ ಸೀರೆ ಒಯ್ದವಳು ಮರುದಿನವೇ ಅಂಗಡಿಗೆ ಬಂದು ಜಗಳ ತೆಗೆಯಬಹುದಿತ್ತು. ಬರುತ್ತಿದ್ದರು ಕೂಡ. ಅಪ್ಪ ಮಾತಾಡದೆ ಬೇರೆ ಸೀರೆ ತೆಗೆದುಕೊಡುತ್ತಿದ್ದ, ಬೈಸಿಕೊಳ್ಳುತ್ತಿದ್ದ. ಅವನು ಅದೇ ಗಾದಿಯ ಮೇಲೆ ನಲವತ್ತು ವರ್ಷ ಕೂತಿದ್ದ, ಎಲ್ಲಿಗೂ ಓಡಿಹೋಗುವಂತಿರಲಿಲ್ಲ. ಇದರಿಂದ ಅಪ್ಪ ಮಾಡಿದ್ದು ಸರಿಯಾಗಿಬಿಡುವುದಿಲ್ಲ. ಅವನನ್ನು ಇಲ್ಲಿಗೆ ಎಳೆದು ತಂದು ನನ್ನ ತಪ್ಪಿಗೆ ವಂಶದ ಬಣ್ಣ ಬಳಿಯುತ್ತಿದ್ದೇನೆಯೋ ಎಂಬ ಅನುಮಾನವೂ ಇದೆ.

ಸ್ಯಾಟರ್ನ್ ಕೂಡ ಉಳಿಯಲಿಲ್ಲ. ಮೊದಲ ಉತ್ಸಾಹದ ನಂತರ ಮೂಲ ಕಂಪನಿ ಹೊಸ ಮಾದರಿಗಳಿಗೆ ದುಡ್ಡು ಬಿಚ್ಚಲು ತಡಮಾಡಿತು. ಹನ್ನೆರಡು ವರ್ಷ ಹೆಚ್ಚುಕಡಿಮೆ ಅದೇ ಎಸ್ ಸರಣಿ ಓಡಿತು. ಕಾರ್ಮಿಕರ ಬೇರೆ ಒಪ್ಪಂದ ಹೋಯಿತು, 2007ರಲ್ಲಿ ಸ್ಪ್ರಿಂಗ್ ಹಿಲ್‌ನಲ್ಲಿ ಸ್ಯಾಟರ್ನ್ ತಯಾರಿಕೆ ನಿಂತಿತು, ಕೊನೆಯ ಮಾದರಿಗಳಲ್ಲಿ ಪ್ಲಾಸ್ಟಿಕ್ ಹೊದಿಕೆಯೂ ಹೋಗಿ ಉಕ್ಕು ಬಂತು. 2009ರಲ್ಲಿ ಜನರಲ್ ಮೋಟರ್ಸ್ ದಿವಾಳಿ ಎದ್ದಾಗ ರಾಜರ್ ಪೆನ್ಸ್ಕಿ ಎಂಬ ಉದ್ಯಮಿ ಇದನ್ನು ಕೊಳ್ಳುವುದಿತ್ತು. ಮುಂದೆ ಕಾರು ತಯಾರಿಸಿಕೊಡಬೇಕಿದ್ದ ಇನ್ನೊಂದು ಕಂಪನಿ ಒಪ್ಪದೆ ಸೆಪ್ಟೆಂಬರ್ 30ರಂದು ಆ ಮಾತುಕತೆ ಮುರಿದುಬಿತ್ತು. ಮುಂದಿನ ವರ್ಷ ಅಂಗಡಿಗಳೂ ಮುಚ್ಚಿದವು.

ಮಾತುಕತೆ ಮುರಿದ ಆ ವಾರವೇ ಹುಡುಗನ ಈಮೇಲ್ ಬಂದಿತ್ತು. ಹುಡುಗನೆಂದರೆ, ಆಗ ಅವನಿಗೂ ಮದುವೆಯಾಗಿತ್ತು. ನಿಮ್ಮ ಕಂಪನಿ ಮುಚ್ಚುತ್ತಿದೆಯಂತೆ ಸರ್, ಬೇಜಾರಾಯಿತು, ಆ ಕಾರು ನನ್ನನ್ನು ಎರಡು ವರ್ಷ ಸಾಕಿತು ಎಂದು ಬರೆದು ಹಳೆಯ ಫೋಟೊ ಲಗತ್ತಿಸಿದ್ದ. ನಾನು ಉದ್ದದ ಉತ್ತರ ಬರೆದೆ. ಸ್ಪ್ರಿಂಗ್ ಹಿಲ್, ರಾಜರ್ ಸ್ಮಿತ್, ಜಾತ್ರೆ, ಎಲ್ಲವನ್ನೂ. ಕೂಲೆಂಟ್ ಪ್ರಸಂಗವೊಂದನ್ನು ಬಿಟ್ಟೆ. ಅಷ್ಟರಮಟ್ಟಿಗೆ ತಿದ್ದಿಕೊಂಡೆ ಎಂದು ಆ ದಿನ ಅನ್ನಿಸಿದ್ದುಂಟು.

ಈಗ ಇದನ್ನು ಬರೆಯುವಾಗ ಅವನ ಊರಿನ ಹೆಸರು ಬದಲಾಯಿಸಿದ್ದೇನೆ. ಅವನಿಗೆ ಮುಜುಗರ ಆಗಬಾರದು ಅಂತ. ಯಾಕೆ ಆಗಬೇಕು ಅವನಿಗೆ ಮುಜುಗರ? ಅವನ ನಂಬರು ನನ್ನ ಫೋನಿನಲ್ಲೇ ಇದೆ. ಅವನು ಕನ್ನಡ ಪತ್ರಿಕೆ ಓದುವುದು ಬಿಟ್ಟು ಬಹಳ ಕಾಲವಾಯಿತೆಂಬುದೂ ಗೊತ್ತಿದೆ.

ಫೋಟೊ ಮೇಜಿನ ಮೇಲಿದೆ, ಪ್ರಿಂಟು ಹಾಕಿಸಿಕೊಂಡಿದ್ದೇನೆ. ಹುಡುಗ ಹಲ್ಲು ಕಿರಿಯುತ್ತ ಬಲಗೈಯಲ್ಲಿ ಕೀಲಿ ಎತ್ತಿ ಹಿಡಿದಿದ್ದಾನೆ. ಎಡಗೈ ಬಾನೆಟ್ಟಿನ ಅಂಚಿನಲ್ಲಿ, ಸರಿಯಾಗಿ ಆ ಸಂದಿನ ಮೇಲೆ. ಅಲ್ಲಿ ಕೈಯಿಡು ಎಂದು ನಾನೇ ಹೇಳಿದ್ದೆನೋ, ಅವನೇ ಇಟ್ಟಿದ್ದನೋ, ಎಷ್ಟು ನೋಡಿದರೂ ನೆನಪಾಗುತ್ತಿಲ್ಲ.